ಅತಿಥಿಸತ್ಕಾರವೂ ಆಶೀರ್ವಾದವೂ



ಹಸಿದು ಬಂದವನಿಗೆ ಅನ್ನವನ್ನಿಕ್ಕುವುದು ಪುಣ್ಯಕಾರ್ಯವೆಂಬುದು ಸರ್ವವಿದಿತವು. ಆದರೆ ಇಕ್ಕುವವನ ಮನಸ್ಸು ಹೇಗಿರಬೇಕೆಂಬುದು ಬೇರೆಯೇ ಪ್ರಶ್ನೆಯು. ಕೊಡುವ ಕೈ ಮೇಲು, ಬೇಡುವ ಕೈ ಕೀಳು ಎಂಬ ಎಣಿಕೆಯು ದಾತನ ಹೃದಯವನ್ನು ಅರಿಯದಂತೆ ಹೊಕ್ಕು, ಮಾಡಿದ ದಾನವನ್ನೇ ಕೆಡಿಸಿಬಿಡುವುದುಂಟು. ದಾಸೋಹದ ಮರ್ಮವನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಇದೇ ಪ್ರಶ್ನೆಗೆ ಕ್ರೈಸ್ತಮತದ ಮಠಾಧಿಪತಿಯೊಬ್ಬನು ಸುಮಾರು 1500 ವರ್ಷಗಳ ಹಿಂದೆ ಯಾವ ಉತ್ತರವನ್ನು ಕೊಟ್ಟನೆಂಬುದೇ ಇಂದಿನ ಉಪನ್ಯಾಸದ ವಿಷಯವು.

ಆತನೇ ಸಂತ ಬೆನೆಡಿಕ್ಟನು. ಇಟಲಿ ದೇಶದ ನೂರ್ಸಿಯಾ ಎಂಬ ಊರಿನಲ್ಲಿ ಸುಮಾರು 480ರಲ್ಲಿ ಜನಿಸಿದನು. ವಿದ್ಯಾರ್ಜನೆಗೆಂದು ರೋಮ್ ನಗರಕ್ಕೆ ಹೋದವನು ಅಲ್ಲಿಯ ದುರಾಚಾರಗಳಿಗೆ ಹೇಸಿ, ಓದನ್ನೂ ಮನೆಯನ್ನೂ ತೊರೆದು, ಸುಬಿಯಾಕೋ ಎಂಬಲ್ಲಿಯ ಗವಿಯೊಂದರಲ್ಲಿ ಮೂರು ವರ್ಷ ಏಕಾಂತವಾಸ ಮಾಡಿದನು. ತರುವಾಯ, ಸುಮಾರು 529ರಲ್ಲಿ, ಮೋಂತೆ ಕಸ್ಸೀನೋ ಎಂಬ ಬೆಟ್ಟದ ಮೇಲೆ ಮಠವನ್ನು ಕಟ್ಟಿ, ಮಠವಾಸಿಗಳಿಗಾಗಿ 73 ಅಧ್ಯಾಯಗಳ ನಿಯಮಗ್ರಂಥವೊಂದನ್ನು ರಚಿಸಿದನು. ಅದರ 53ನೆಯ ಅಧ್ಯಾಯವು ಅತಿಥಿಸತ್ಕಾರಕ್ಕೆ ಮೀಸಲಾಗಿದೆ.

ಈ ಅಧ್ಯಾಯಕ್ಕೆ ಮೂಲವು ಯೇಸುಕ್ರಿಸ್ತನ ಬೋಧೆಯೇ ಆಗಿದೆ. ಕಡೆಯ ನ್ಯಾಯವಿಚಾರಣೆಯ ದಿನದಲ್ಲಿ ಅರಸನು ಸಜ್ಜನರನ್ನು ಕರೆದು, ಅವರು ಹಸಿದವರಿಗೂ ಬಾಯಾರಿದವರಿಗೂ ಪರದೇಶಿಗಳಿಗೂ ಮಾಡಿದ ಉಪಕಾರವೆಲ್ಲ ತನಗೇ ಸಂದಿತೆಂದು ಹೇಳುವನಂತೆ. ಆದುದರಿಂದ ಮಠಕ್ಕೆ ಬಂದ ಅತಿಥಿಯನ್ನು ಕ್ರಿಸ್ತನೆಂದೇ ಭಾವಿಸಿ ಬರಮಾಡಿಕೊಳ್ಳಬೇಕೆಂದು ಬೆನೆಡಿಕ್ಟನು ವಿಧಿಸಿದನು. ಅತಿಥಿಯ ಮುಂದೆ ತಲೆಬಾಗಬೇಕು. ಮೊದಲು ಅವನೊಡನೆ ಪ್ರಾರ್ಥನೆ ಮಾಡಬೇಕು. ಮಠಾಧಿಪತಿಯೇ ಅವನ ಕೈಗೆ ನೀರೆರೆಯಬೇಕು. ಮಠಾಧಿಪತಿಯೂ ಮಠವಾಸಿಗಳೆಲ್ಲರೂ ಅವನ ಪಾದಗಳನ್ನು ತೊಳೆಯಬೇಕು. ವಿಶೇಷ ಉಪವಾಸದ ದಿನವಲ್ಲದಿದ್ದರೆ, ಅತಿಥಿಗಾಗಿ ಮಠಾಧಿಪತಿಯು ತನ್ನ ಉಪವಾಸವನ್ನೂ ಮುರಿಯಬಹುದು; ಉಳಿದವರು ಮಾತ್ರ ತಮ್ಮ ವ್ರತವನ್ನು ಬಿಡಬಾರದು. ಅತಿಥಿಗಳು ಹೊತ್ತುಗೊತ್ತಿಲ್ಲದೆ ಬರುವವರಾದುದರಿಂದ, ಮಠದ ದಿನಚರಿ ಕೆಡದಂತೆ ಅವರ ಅಡುಗೆಮನೆಯನ್ನು ಬೇರೆಯಾಗಿಡಬೇಕು. ಅಡುಗೆಯಲ್ಲಿ ಸಮರ್ಥರಾದ ಇಬ್ಬರನ್ನು ಅಲ್ಲಿ ಒಂದು ವರ್ಷಕ್ಕೆ ನೇಮಿಸಬೇಕು. ಭಾವನೆಯು ಎಷ್ಟು ಉನ್ನತವೋ ವ್ಯವಸ್ಥೆಯೂ ಅಷ್ಟೇ ಬಿಗಿಯಾಗಿದ್ದಿತು.

ಇಲ್ಲಿ ಎರಡು ಸೂಕ್ಷ್ಮಗಳು ಗಮನಾರ್ಹವಾಗಿವೆ. ಧನಿಕನನ್ನು ಕಂಡರೆ ಭಯದಿಂದಲಾದರೂ ಮರ್ಯಾದೆ ತಾನಾಗಿ ಹುಟ್ಟುವುದು. ಆದಕಾರಣ ಬಡವನನ್ನೂ ಯಾತ್ರಿಕನನ್ನೂ ಹೆಚ್ಚಿನ ಎಚ್ಚರದಿಂದ ಸತ್ಕರಿಸಬೇಕೆಂದು ಬೆನೆಡಿಕ್ಟನು ಹೇಳುತ್ತಾನೆ. ಎರಡನೆಯದು ಬಾಗಿಲು ಕಾಯುವವನ ಧರ್ಮವು. ಈ ಕೆಲಸಕ್ಕೆ ವಿವೇಕಿಯಾದ ವೃದ್ಧನನ್ನು ನೇಮಿಸಬೇಕಂತೆ. ಯಾರಾದರೂ ಕದ ತಟ್ಟಿದರೆ, ಇಲ್ಲವೆ ಬಡವನು ಹೊರಗಿನಿಂದ ಕೂಗಿದರೆ, ಅವನು ಒಡನೆಯೇ ದೇವರನ್ನು ವಂದಿಸಬೇಕು, ಅಥವಾ ಬಂದವನ ಆಶೀರ್ವಾದವನ್ನು ಬೇಡಬೇಕು. ಬೇಡಲು ಬಂದವನಿಂದಲೇ ಬೇಡುವುದು! ಮೇಲು ಕೈ ಯಾವುದು, ಕೀಳು ಕೈ ಯಾವುದು ಎಂಬ ಲೆಕ್ಕವು ಆ ಹೊಸ್ತಿಲಲ್ಲಿಯೇ ಅಳಿದುಹೋಗುವುದು.

ಆದರೆ ನಿಯಮವನ್ನು ಬರೆಯುವುದು ಸುಲಭ. ಬರಗಾಲದಲ್ಲಿ ನಡೆಸುವುದು ಕಷ್ಟ. ಪೋಪ್ ಗ್ರೆಗೊರಿಯು ಬರೆದ ಬೆನೆಡಿಕ್ಟನ ಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವಿದೆ. ಕಂಪಾನಿಯಾ ಪ್ರಾಂತದಲ್ಲಿ ಕ್ಷಾಮವು ತಲೆದೋರಿದಾಗ ಮಠದಲ್ಲಿದ್ದುದೆಲ್ಲ ಬಡವರಿಗೆ ಹಂಚಿಹೋಗಿ, ಗಾಜಿನ ಪಾತ್ರೆಯಲ್ಲಿ ಸ್ವಲ್ಪ ಎಣ್ಣೆ ಮಾತ್ರ ಉಳಿದಿದ್ದಿತು. ಆಗ ಅಗಾಪಿತನೆಂಬವನು ಬಂದು ಎಣ್ಣೆಯನ್ನು ಬೇಡಿದನು. ಕೊಡೆಂದು ಬೆನೆಡಿಕ್ಟನು ಉಗ್ರಾಣಿಗೆ ಅಪ್ಪಣೆ ಮಾಡಿದರೂ ಅವನು ಕೊಡಲಿಲ್ಲ. ಕಾರಣವನ್ನು ಕೇಳಲಾಗಿ, ಕೊಟ್ಟರೆ ಮಠದ ಸಹೋದರರಿಗೆ ಏನೂ ಉಳಿಯದೆಂದನು. ಬೆನೆಡಿಕ್ಟನು ಕೋಪಗೊಂಡು, ಆ ಪಾತ್ರೆಯನ್ನು ಕಿಟಕಿಯಿಂದಾಚೆಗೆ ಎಸೆಯಿಸಿದನು. ಬಂಡೆಗಳ ಮೇಲೆ ಬಿದ್ದರೂ ಅದು ಒಡೆಯಲಿಲ್ಲ, ಎಣ್ಣೆ ಚೆಲ್ಲಲಿಲ್ಲ; ಅದನ್ನೇ ತರಿಸಿ ಬೇಡಿದವನಿಗೆ ಕೊಟ್ಟನು. ಬಳಿಕ ಎಲ್ಲರೂ ಕೂಡಿ ಪ್ರಾರ್ಥಿಸುತ್ತಿರಲು, ಅಲ್ಲಿದ್ದ ಬರಿಯ ಎಣ್ಣೆಯ ಕೊಡವು ತುಂಬಿ ಹರಿಯಿತೆಂದು ಗ್ರೆಗೊರಿಯು ಬರೆದಿದ್ದಾನೆ.

ಪವಾಡವನ್ನು ನಂಬುವುದೂ ಬಿಡುವುದೂ ಅವರವರ ಮನಸ್ಸಿಗೆ ಸೇರಿದ್ದು. ಉಗ್ರಾಣಿಯ ಮಾತನ್ನಾದರೋ ಎಲ್ಲರೂ ವಿಚಾರಿಸತಕ್ಕುದು. ಅವನು ತನಗಾಗಿ ಕೂಡಿಟ್ಟವನಲ್ಲ, ತನ್ನವರಿಗಾಗಿ ಅಂಜಿದವನು. ಲೋಭವು ಬಹುಶಃ ಹೀಗೆಯೇ ಕರ್ತವ್ಯದ ವೇಷವನ್ನು ಧರಿಸಿ ಬರುವುದು. ‘ನಮ್ಮವರಿಗೆ ಸಾಕಾದ ಮೇಲೆ ಪರರಿಗೆ’ ಎಂಬ ಮಾತು ನ್ಯಾಯವಾಗಿಯೇ ತೋರುವುದು. ಆದರೆ ‘ಸಾಕು’ ಎಂಬ ದಿನವು ಬರುವುದೇ ಇಲ್ಲ.

ಆ ಬೆಟ್ಟದ ಮಠಕ್ಕೆ ಇನ್ನೂ ಕಠಿಣವಾದ ಪರೀಕ್ಷೆಯು ಎರಡನೆಯ ಮಹಾಯುದ್ಧದಲ್ಲಿ ಒದಗಿತು. ಸುತ್ತಲಿನ ಜನರು ಪ್ರಾಣಭಯದಿಂದ ಬಂದು ಅಲ್ಲಿ ಆಶ್ರಯ ಪಡೆದಿದ್ದರು. 1944ನೆಯ ಫೆಬ್ರವರಿ 15ರಂದು ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬಿನ ಮಳೆಗರೆದು ಮಠವನ್ನು ಹಾಳುಗೆಡಹಿದುವು; ಆಶ್ರಿತರಲ್ಲಿ ಅನೇಕರು ಮಡಿದರು. ವಯೋವೃದ್ಧರಾದ ಮಠಾಧಿಪತಿ ಗ್ರೆಗೋರಿಯೋ ದಿಯಮಾರೆಯವರು ಕಡೆಯ ತನಕ ಅವರೊಡನಿದ್ದು, ಅಳಿದುಳಿದವರನ್ನು ಕರೆದುಕೊಂಡು ಬೆಟ್ಟವನ್ನಿಳಿದರು. ಮಠವು ಪುನಃ ನಿರ್ಮಾಣಗೊಂಡು, 1964ರಲ್ಲಿ ಅದರ ದೇವಾಲಯಕ್ಕೆ ಪ್ರತಿಷ್ಠೆಯಾಯಿತು. ಈ ಸಲ ಯಾವ ಪಾತ್ರೆಯೂ ಒಡೆಯದೆ ಉಳಿಯಲಿಲ್ಲ. ಅತಿಥಿಯನ್ನು ಎಲ್ಲ ಕೇಡಿನಿಂದಲೂ ಕಾಪಾಡುವ ಶಕ್ತಿಯು ಮನುಷ್ಯನಿಗಿಲ್ಲ. ಅವನ ಕೇಡಿನಲ್ಲಿ ಪಾಲುಗೊಳ್ಳುವ ಶಕ್ತಿಯುಂಟು. ಸತ್ಕಾರದ ಸಾರವು ಅದೇ.

ಆಶೀರ್ವಾದವೆಂಬುದು ಉಳ್ಳವನು ಇಲ್ಲದವನ ತಲೆಯ ಮೇಲೆ ಸುರಿಯುವ ವಸ್ತುವಲ್ಲ. ಹೊಸ್ತಿಲಲ್ಲಿ ಇಬ್ಬರೂ ಒಬ್ಬರಿಂದೊಬ್ಬರು ಪಡೆಯುವ ಪ್ರಸಾದವು. ಕದ ತಟ್ಟುವ ಸದ್ದನ್ನು ಕೇಳಿದಾಗ ‘ಯಾರು, ಏಕೆ ಬಂದರು’ ಎನ್ನುವುದಕ್ಕಿಂತ ಮೊದಲು ದೇವರನ್ನು ವಂದಿಸಿ ಏಳುವ ಮನಸ್ಸು ಎಲ್ಲರಿಗೂ ಉಂಟಾಗಲಿ. ಸರ್ವರಿಗೂ ಸನ್ಮಂಗಳವಾಗಲಿ.