ಸೈನಿಕನ ವಾಹನ, ರಾಜ್ಯದ ರಸ್ತೆ: ಅಮೆರಿಕದ ಒಂದು ಸೌಲಭ್ಯದ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸೈನ್ಯವು ಒಕ್ಕೂಟ ಸರ್ಕಾರಕ್ಕೆ ಸೇರಿದ್ದರೆ, ರಸ್ತೆಯ ಮೇಲೆ ವಾಹನ ನಡೆಸುವ ಪರವಾನಗಿಯೂ ವಾಹನದ ನೋಂದಣಿಯೂ ಆರಂಭದಿಂದಲೇ ರಾಜ್ಯಗಳ ಅಧಿಕಾರಕ್ಕೆ ಒಳಪಟ್ಟಿವೆ. 1901ರಲ್ಲಿ ನ್ಯೂಯಾರ್ಕ್ ರಾಜ್ಯವು ವಾಹನಗಳ ನೋಂದಣಿಯನ್ನು ಕಡ್ಡಾಯಗೊಳಿಸಿತು. 1903ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ಮಿಸೌರಿ ರಾಜ್ಯಗಳು ಚಾಲಕರಿಗೆ ಪರವಾನಗಿ ಕೊಡುವ ಪದ್ಧತಿಯನ್ನು ತಂದವು. ಮುಂದಿನ ದಶಕಗಳಲ್ಲಿ ಉಳಿದ ರಾಜ್ಯಗಳೂ ಅದೇ ದಾರಿ ಹಿಡಿದು, ಪ್ರತಿಯೊಂದೂ ತನ್ನದೇ ಶುಲ್ಕ, ತನ್ನದೇ ಪರೀಕ್ಷೆ, ತನ್ನದೇ ಅವಧಿಯನ್ನು ಗೊತ್ತುಪಡಿಸಿಕೊಂಡವು. ಒಂದೇ ಊರಿನಲ್ಲಿ ಬಾಳುವವನಿಗೆ ಇದರಿಂದ ತೊಂದರೆಯೇನೂ ಇರಲಿಲ್ಲ. ಆದರೆ ಮೇಲಧಿಕಾರಿಗಳ ಆಜ್ಞೆಯಂತೆ ಎರಡು ಮೂರು ವರ್ಷಕ್ಕೊಮ್ಮೆ ರಾಜ್ಯದಿಂದ ರಾಜ್ಯಕ್ಕೆ ಹೋಗಬೇಕಾದ ಸೈನಿಕನಿಗೆ ಈ ವ್ಯವಸ್ಥೆ ಹೊರೆಯಾಯಿತು. ಮಾಜಿ ಸೈನಿಕರಿಗೂ ಸೇವೆಯಲ್ಲಿರುವವರಿಗೂ ಇಂದು ದೊರೆಯುವ ವಾಹನ ಸೌಲಭ್ಯಗಳನ್ನು ಬರಿಯ ಔದಾರ್ಯವೆಂದು ಬಗೆಯುವುದು ವಾಡಿಕೆಯಾಗಿದೆಯಾದರೂ, ಅವುಗಳಲ್ಲಿ ಬಹುಪಾಲು ಈ ಹೊರೆಯನ್ನು ಇಳಿಸುವ ಪ್ರಯತ್ನದಿಂದಲೇ ಹುಟ್ಟಿದವು.

ಅವುಗಳಲ್ಲಿ ಅತ್ಯಂತ ಮನಕಲಕುವ ಸೌಲಭ್ಯ ಮಾತ್ರ ಬೇರೊಂದು ಕಾರಣದಿಂದ ಬಂತು. ಎರಡನೆಯ ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡು ಮರಳಿದವರಿಗೆ ಕೃತಕ ಕಾಲನ್ನು ಕೊಟ್ಟರಷ್ಟೇ ಸಾಲದು, ಕೆಲಸಕ್ಕೆ ಹೋಗಿಬರುವ ದಾರಿಯೂ ಬೇಕು ಎಂಬ ಅರಿವಿನಿಂದ ಅಮೆರಿಕದ ಸಂಸತ್ತು 1946ರ ಆಗಸ್ಟ್‌ನಲ್ಲಿ ಒಂದು ಕಾನೂನನ್ನು ಅಂಗೀಕರಿಸಿ, ಹರಡಿನ ಭಾಗದಲ್ಲಿ ಅಥವಾ ಅದಕ್ಕೂ ಮೇಲೆ ಒಂದು ಇಲ್ಲವೆ ಎರಡು ಕಾಲುಗಳನ್ನು ಅಥವಾ ಅವುಗಳ ಚಲನೆಯನ್ನು ಕಳೆದುಕೊಂಡ ಯೋಧನಿಗೆ 1,600 ಡಾಲರ್‌ವರೆಗಿನ ಬೆಲೆಯ ಕಾರನ್ನು ಕೊಡಿಸಲು ಅನುಮತಿಯಿತ್ತಿತು. ಅಷ್ಟರಲ್ಲಿ ಯಂತ್ರವೂ ಇದಕ್ಕೆ ಅನುಕೂಲವಾಗಿ ಬೆಳೆದಿತ್ತು. ಓಲ್ಡ್ಸ್‌ಮೊಬೈಲ್ ಕಂಪನಿಯು 1940ರ ಮಾದರಿಯ ಕಾರುಗಳಲ್ಲಿ ಹೈಡ್ರಾ-ಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರನ್ನು ತಂದಿತ್ತು. ಎಡಗಾಲಿನಿಂದ ಒತ್ತಬೇಕಾದ ಕ್ಲಚ್ಚಿನ ಅಗತ್ಯವೇ ಇದರಲ್ಲಿ ಇರಲಿಲ್ಲವಾದ್ದರಿಂದ, ಬ್ರೇಕನ್ನೂ ವೇಗವನ್ನೂ ಕೈಯಿಂದಲೇ ನಿಯಂತ್ರಿಸುವ ಸಲಕರಣೆಯೊಂದನ್ನು ಜೋಡಿಸಿದರೆ ಎರಡೂ ಕಾಲಿಲ್ಲದವನು ಕೂಡ ಕಾರನ್ನು ಓಡಿಸಬಹುದಾಗಿತ್ತು. ಕಾನೂನು ಒಂದು ಷರತ್ತನ್ನೂ ಇಟ್ಟಿತ್ತು: ತನಗೂ ಇತರರಿಗೂ ಅಪಾಯವಾಗದಂತೆ ವಾಹನ ನಡೆಸುವ ಸಾಮರ್ಥ್ಯ ಯೋಧನಿಗೆ ಇರಬೇಕು ಮತ್ತು ಅವನು ನೆಲೆಸಿರುವ ರಾಜ್ಯದ ಪರವಾನಗಿ ಅವನಿಗೆ ಸಿಗಬೇಕು. ಹೀಗೆ ಕಾರನ್ನು ಒಕ್ಕೂಟ ಕೊಟ್ಟರೂ ಅದನ್ನು ನಡೆಸುವ ಹಕ್ಕನ್ನು ರಾಜ್ಯವೇ ಕೊಡಬೇಕಾಗಿ ಬಂದುದರಿಂದ, ಅಂಗವಿಕಲನೂ ಸಮರ್ಥ ಚಾಲಕನಾಗಬಲ್ಲನೆಂಬುದನ್ನು ರಾಜ್ಯಗಳು ಪರಿಗಣಿಸಲೇಬೇಕಾಯಿತು. 1951ರಲ್ಲಿ, ಕೊರಿಯಾ ಯುದ್ಧದ ಕಾಲದಲ್ಲಿ, ಕೈ ಕಳೆದುಕೊಂಡವರಿಗೂ ದೃಷ್ಟಿ ಕಳೆದುಕೊಂಡವರಿಗೂ ಈ ನೆರವು ವಿಸ್ತರಿಸಿತು. ದೃಷ್ಟಿಯಿಲ್ಲದವನು ಕಾರನ್ನು ತಾನೇ ನಡೆಸಲಾರನಾದರೂ ಮನೆಯವರೊಬ್ಬರು ಅವನನ್ನು ಅದರಲ್ಲಿ ಕರೆದೊಯ್ಯಬಲ್ಲರು ಎಂಬ ವಿವೇಕ ಈ ವಿಸ್ತರಣೆಯಲ್ಲಿದೆ.

ತೆರಿಗೆಯ ಚರಿತ್ರೆ ಇದಕ್ಕಿಂತ ಜಟಿಲವಾದುದು. 1940ರ ಸೈನಿಕರ ಮತ್ತು ನಾವಿಕರ ನಾಗರಿಕ ಪರಿಹಾರ ಕಾಯಿದೆಗೆ 1942ರಲ್ಲಿ 514ನೆಯ ಪ್ರಕರಣವನ್ನು ಸೇರಿಸಲಾಯಿತು. ಆಜ್ಞೆಯ ಮೇರೆಗೆ ಬೇರೆ ರಾಜ್ಯದಲ್ಲಿ ಇದ್ದ ಮಾತ್ರಕ್ಕೆ ಸೈನಿಕನು ತನ್ನ ಮೂಲ ರಾಜ್ಯದ ನಿವಾಸಿತ್ವವನ್ನು ಕಳೆದುಕೊಳ್ಳುವುದಿಲ್ಲ ಎಂಬುದು ಅದರ ತಿರುಳು. ಮೂಲ ರಾಜ್ಯಕ್ಕೆ ವಾಹನದ ಶುಲ್ಕ ಸಂದಿದ್ದರೆ ಸೇವೆಯ ರಾಜ್ಯವು ಮತ್ತೆ ಅದನ್ನು ಕೇಳುವಂತಿಲ್ಲವೆಂದೂ ಈ ಪ್ರಕರಣ ಕ್ರಮೇಣ ಸ್ಪಷ್ಟಪಡಿಸಿತು. ಮೂಲ ರಾಜ್ಯಕ್ಕೂ ಶುಲ್ಕ ಸಲ್ಲದಿದ್ದರೆ ಏನೆಂಬ ಪ್ರಶ್ನೆಯನ್ನು ವಾಯುಸೇನೆಯ ಕ್ಯಾಪ್ಟನ್ ಲೈಮನ್ ಬಝಾರ್ಡ್ ಅವರ ಮೊಕದ್ದಮೆ ಎತ್ತಿತು. ವಾಷಿಂಗ್ಟನ್ ರಾಜ್ಯದವರಾದ ಅವರು ಕ್ಯಾಲಿಫೋರ್ನಿಯಾದ ಕ್ಯಾಸಲ್ ವಾಯುನೆಲೆಯಲ್ಲಿ ಸೇವೆಯಲ್ಲಿದ್ದು, ತಾತ್ಕಾಲಿಕ ಕರ್ತವ್ಯದ ಮೇಲೆ ಅಲಬಾಮಕ್ಕೆ ಹೋದಾಗ ಅಲ್ಲಿ ಕಾರೊಂದನ್ನು ಕೊಂಡು ಅಲ್ಲಿಯದೇ ನಂಬರ್ ಪ್ಲೇಟ್ ಹಾಕಿಸಿಕೊಂಡು ಮರಳಿದರು. ಕ್ಯಾಲಿಫೋರ್ನಿಯಾ ಅದನ್ನು ಒಪ್ಪದೆ, ನೋಂದಣಿ ಶುಲ್ಕದೊಂದಿಗೆ ಕಾರಿನ ಮೌಲ್ಯದ ಶೇಕಡ 2ರಷ್ಟಾಗುವ ಮತ್ತೊಂದು ಶುಲ್ಕವನ್ನೂ ಕೇಳಿತು. ಕೊಡಲೊಪ್ಪದ ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆದು ಶಿಕ್ಷೆಯೂ ಆಯಿತು. ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತು. 1966ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದು, ವಾಹನವನ್ನು ಗುರುತಿಸಿ ದಾಖಲಿಸಲು ಅವಶ್ಯವಾದ ಶುಲ್ಕ ಬೇರೆ, ಖಜಾನೆ ತುಂಬಲು ವಿಧಿಸಿದ ತೆರಿಗೆ ಬೇರೆ, ಮೊದಲನೆಯದನ್ನು ಸೈನಿಕನಿಂದ ಕೇಳಬಹುದೇ ಹೊರತು ಎರಡನೆಯದನ್ನಲ್ಲ ಎಂದು ತೀರ್ಪಿತ್ತಿತು. ಈ ವಿಂಗಡಣೆ ನ್ಯಾಯವಾದುದು, ಏಕೆಂದರೆ ರಸ್ತೆಯ ಸುರಕ್ಷತೆಗೆ ಬೇಕಾದುದನ್ನು ಅದು ರಾಜ್ಯಕ್ಕೆ ಉಳಿಸಿಕೊಡುತ್ತದೆ. ಆದರೂ ರಕ್ಷಣೆಗೆ ಮಿತಿಯಿತ್ತು: ಕನೆಕ್ಟಿಕಟ್ ರಾಜ್ಯವು ನೌಕಾಸೇನೆಯವರು ಕೊಂಡ ವಾಹನಗಳ ಮೇಲೆ ವಿಧಿಸಿದ ಮಾರಾಟ ತೆರಿಗೆಯನ್ನು ಅದೇ ನ್ಯಾಯಾಲಯ 1969ರಲ್ಲಿ ಒಪ್ಪಿಕೊಂಡಿತು. ಹಳೆಯ ಕಾಯಿದೆ 2003ರಲ್ಲಿ ಹೊಸ ರೂಪ ಪಡೆಯಿತು. 2009ರಲ್ಲಿ ಸೈನಿಕರ ಪತಿ ಅಥವಾ ಪತ್ನಿಗೂ ನಿವಾಸಿತ್ವದ ಈ ರಕ್ಷಣೆ ದೊರೆಯಿತು. ಗಂಡನ ವರ್ಗಾವಣೆಯ ಹಿಂದೆಯೇ ಮನೆ ಕಟ್ಟಿಕೊಂಡು ನಡೆದ ಹೆಂಡತಿಯನ್ನು ಕಾನೂನು ಗಮನಿಸಲು ಅರವತ್ತಕ್ಕೂ ಹೆಚ್ಚು ವರ್ಷ ಬೇಕಾದುದು ವಿಷಾದದ ಸಂಗತಿ.

ಇದೇ ಸಮಸ್ಯೆ ಭಾರತದಲ್ಲಿಯೂ ಇದೆ. ಕೊಡಗಿನಿಂದ ಸೇನೆ ಸೇರಿ ಪಠಾಣಕೋಟೆಗೋ ಜೋಧಪುರಕ್ಕೋ ವರ್ಗವಾದವನು, ಕರ್ನಾಟಕದಲ್ಲಿ ಆಜೀವ ತೆರಿಗೆ ಕಟ್ಟಿದ ವಾಹನವನ್ನು ಅಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆಯನ್ನು ಪಡೆಯಬೇಕಾಗುತ್ತಿತ್ತು. 2021ರಲ್ಲಿ ಜಾರಿಗೆ ಬಂದ ಬಿಎಚ್, ಅಂದರೆ ಭಾರತ್ ಸರಣಿಯ ನೋಂದಣಿಯು ರಕ್ಷಣಾ ಸಿಬ್ಬಂದಿಗೂ ವರ್ಗಾವಣೆಗೆ ಒಳಪಡುವ ಇತರ ಹಲವು ನೌಕರರಿಗೂ ಈ ತೊಡಕನ್ನು ನಿವಾರಿಸಿ, ತೆರಿಗೆಯನ್ನು ಎರಡೆರಡು ವರ್ಷಗಳ ಲೆಕ್ಕದಲ್ಲಿ ಕಟ್ಟಲು ಅವಕಾಶ ಕೊಟ್ಟಿತು.

ಅಮೆರಿಕದ ರಾಜ್ಯಗಳು ತಾವಾಗಿಯೇ ಕೊಟ್ಟ ಸೌಲಭ್ಯಗಳ ಪೈಕಿ ಪರವಾನಗಿಯ ಅವಧಿ ವಿಸ್ತರಣೆ ಮುಖ್ಯವಾದುದು. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯಂತೆ, ಸೈನಿಕನು ಸೇವೆಯಲ್ಲಿದ್ದು ರಾಜ್ಯದ ಹೊರಗಿರುವಷ್ಟು ಕಾಲವೂ, ಹಿಂದಿರುಗಿದ ಮೇಲೆ ಗರಿಷ್ಠ 30 ದಿನಗಳವರೆಗೂ, ಅವನ ಪರವಾನಗಿ ಊರ್ಜಿತವಾಗಿಯೇ ಇರುತ್ತದೆ. ಮಾಜಿ ಸೈನಿಕರ ವಿಶೇಷ ನಂಬರ್ ಪ್ಲೇಟುಗಳು, ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕದ ಚಿಹ್ನೆಯುಳ್ಳ ಪ್ಲೇಟುಗಳು ಹೆಚ್ಚು ಕಣ್ಣಿಗೆ ಬೀಳುತ್ತವೆಯಾದರೂ, ದೂರದ ಯುದ್ಧಭೂಮಿಯಲ್ಲಿರುವವನಿಗೆ ಈ ವಿಸ್ತರಣೆಯೇ ಹೆಚ್ಚಿನ ಉಪಕಾರ. ಪರವಾನಗಿಯ ಮೇಲೆಯೇ ಮಾಜಿ ಸೈನಿಕನೆಂಬ ಗುರುತನ್ನು ಅಚ್ಚುಹಾಕುವ ಪದ್ಧತಿ ಈ ಶತಮಾನದ್ದು. ಕ್ಯಾಲಿಫೋರ್ನಿಯಾದಲ್ಲಿ ಅದು 2015ರ ನವೆಂಬರ್‌ನಲ್ಲಿ 5 ಡಾಲರ್ ಶುಲ್ಕದೊಂದಿಗೆ ಆರಂಭವಾಯಿತು. ಡಿಡಿ-214 ಎಂಬ ಬಿಡುಗಡೆ ಪತ್ರವನ್ನು, ಅಂದರೆ ಸೇವೆಯ ವಿವರಗಳೆಲ್ಲ ಅಡಕವಾಗಿರುವ ದಾಖಲೆಯನ್ನು, ಹೋದಲ್ಲೆಲ್ಲ ತೋರಿಸುವ ಅಗತ್ಯವನ್ನು ಅದು ಕಡಿಮೆ ಮಾಡಿತು.

ಜೀವನೋಪಾಯಕ್ಕೆ ನೇರವಾಗಿ ಸಂಬಂಧಿಸಿದ ಸೌಲಭ್ಯವೂ ತಡವಾಗಿಯೇ ಬಂತು. 1986ರ ವಾಣಿಜ್ಯ ವಾಹನ ಸುರಕ್ಷತಾ ಕಾಯಿದೆಯು ಲಾರಿ, ಬಸ್ಸುಗಳಂಥ ಭಾರಿ ವಾಹನಗಳ ಚಾಲಕರಿಗೆ ದೇಶಕ್ಕೆಲ್ಲ ಸಮಾನ ಮಟ್ಟದ ವಾಣಿಜ್ಯ ಪರವಾನಗಿಯನ್ನು ವಿಧಿಸಿತು. ಸೈನ್ಯದ ವಾಹನ ನಡೆಸುವವರಿಗೆ ಸೇವೆಯ ಅವಧಿಯಲ್ಲಿ ಅದರಿಂದ ವಿನಾಯಿತಿ ಸಿಕ್ಕಿತಾದರೂ ಆ ವಿನಾಯಿತಿಯೇ ಮುಂದೆ ಅಡ್ಡಿಯಾಯಿತು: ಮರುಭೂಮಿಯಲ್ಲಿ ಭಾರಿ ಟ್ರಕ್ಕುಗಳನ್ನು ನಡೆಸಿದವನು ಊರಿಗೆ ಬಂದ ಮೇಲೆ ನಾಗರಿಕ ದಾಖಲೆಯಿಲ್ಲದ ಹೊಸಬನಂತೆ ಪರೀಕ್ಷೆಗೆ ನಿಲ್ಲಬೇಕಾಯಿತು. 2011ರ ಒಕ್ಕೂಟದ ನಿಯಮವು, ಎರಡು ವರ್ಷ ಸುರಕ್ಷಿತವಾಗಿ ಅಂಥ ವಾಹನ ನಡೆಸಿದ ಸೈನಿಕರಿಗೆ ರಸ್ತೆಯ ಮೇಲಿನ ಚಾಲನಾ ಪರೀಕ್ಷೆಯನ್ನು ಮನ್ನಾ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. 2012ರ ಕಾಯಿದೆ, ಮೂಲ ರಾಜ್ಯಕ್ಕೆ ಹೋಗದೆ ಸೇವೆಯಲ್ಲಿರುವ ರಾಜ್ಯದಲ್ಲಿಯೇ ವಾಣಿಜ್ಯ ಪರವಾನಗಿ ಪಡೆಯಲು ದಾರಿ ಮಾಡಿತು. 2018ರಲ್ಲಿ, ಸೇನೆಯ ತರಬೇತಿ ಪಡೆದ ಅರ್ಹ ಚಾಲಕರಿಗೆ ಲಿಖಿತ ಜ್ಞಾನಪರೀಕ್ಷೆಯನ್ನೂ ಬಿಟ್ಟುಕೊಡಲು ರಾಜ್ಯಗಳಿಗೆ ಅವಕಾಶವಾಯಿತು. ಸೇನೆಯಿಂದ ಬಿಡುಗಡೆಯಾದ ಒಂದು ವರ್ಷದೊಳಗೆ ಅರ್ಜಿ ಹಾಕುವವರಿಗೆ ಈ ವಿನಾಯಿತಿಗಳು ದೊರೆಯುತ್ತವೆ. ಅವಧಿ ಮೀರಿದವರು ಉಳಿದೆಲ್ಲ ಅರ್ಜಿದಾರರಂತೆಯೇ ಲಿಖಿತ ಪರೀಕ್ಷೆಯನ್ನು ಬರೆದು, ರಸ್ತೆಯ ಮೇಲೆ ವಾಹನವನ್ನೂ ನಡೆಸಿ ತೋರಿಸಬೇಕಾಗುತ್ತದೆ.