ಉದ್ಯೋಗದ ಅಸ್ಥಿರತೆಯೂ ಕಾಯಕನಿಷ್ಠೆಯೂ

 

ಕಾಯಕದ ಮಹಿಮೆಯನ್ನು ಕೊಂಡಾಡುವ ಮಾತುಗಳು ಈ ಮಂಟಪದಲ್ಲಿ ಬಹಳವಾಗಿ ಕೇಳಿಬಂದಿರುವವು. ಆದರೆ ಕಾಯಕ ಮಾಡುವವನ ಮನಸ್ಸಿನಲ್ಲಿ ‘ನಾಳೆ ಈ ಕೆಲಸವು ನನಗುಂಟೋ ಇಲ್ಲವೋ’ ಎಂಬ ಶಂಕೆಯು ಹೊಕ್ಕರೆ ಆ ಕಾಯಕದ ಗತಿ ಏನಾಗುವದೆಂಬುದನ್ನು ನಾವು ವಿಚಾರಿಸಿದ್ದು ಕಡಿಮೆ. ಅದನ್ನೇ ಇಂದು ಅರಿಕೆ ಮಾಡಿಕೊಳ್ಳುವೆನು.

ಉದ್ಯೋಗವನ್ನು ಕಳೆದುಕೊಂಡವನ ದುಃಖವು ಎಲ್ಲರ ಕಣ್ಣಿಗೂ ಬೀಳುವದು. ಕಳೆದುಕೊಳ್ಳುವೆನೆಂಬ ಭಯದಲ್ಲಿ ದಿನ ನೂಕುವವನ ದುಃಖವು ಯಾರಿಗೂ ಕಾಣದು. 1985ರಲ್ಲಿ ಲಂಡನ್ನಿನ 10,308 ಸರಕಾರಿ ನೌಕರರ ಆರೋಗ್ಯವನ್ನು ಕುರಿತು ವೈಟ್‌ಹಾಲ್ ಎಂಬ ಹೆಸರಿನ ಎರಡನೆಯ ಅಧ್ಯಯನವು ಆರಂಭವಾಯಿತು. ಮುಂದೆ ಅವರೊಳಗಿನ ಒಂದು ಇಲಾಖೆಯು ಖಾಸಗಿಯವರ ಪಾಲಾಗುವ ಕಾಲವು ಸಮೀಪಿಸಿತು. ಕೆಲಸವಿನ್ನೂ ಕೈಯಲ್ಲಿರುವಾಗಲೇ ಅಲ್ಲಿಯ ಪುರುಷ ನೌಕರರು ಹೇಳಿಕೊಂಡ ಆರೋಗ್ಯಸ್ಥಿತಿಯು ಇತರರದಕ್ಕಿಂತ ಕುಗ್ಗಿತೆಂದು 1995ರಲ್ಲಿ ಪ್ರಕಟವಾದ ವರದಿಯು ತಿಳಿಸಿತು. ಪೆಟ್ಟು ಬೀಳುವದಕ್ಕೆ ಮೊದಲೇ ಗಾಯವಾದಂತಾಯಿತಲ್ಲವೇ?

ನಮ್ಮ ನಾಡಿನ ನಿದರ್ಶನವೂ ಉಂಟು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಹತ್ತು ವರುಷಕ್ಕೂ ಮೀರಿ ದುಡಿದ ದಿನಗೂಲಿ ನೌಕರರು ಖಾಯಂ ನೇಮಕವನ್ನು ಬೇಡಿದ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ನಿಯಮವನ್ನು ಬಿಟ್ಟು ಸೇರಿಸಿಕೊಂಡವರಿಗೆ ದೀರ್ಘಸೇವೆಯೊಂದರಿಂದಲೇ ಅಂಥ ಹಕ್ಕು ಹುಟ್ಟದೆಂದು 2006ರಲ್ಲಿ ತೀರ್ಪಾಯಿತು. ಕಾನೂನಿನ ಮಾತು ಅದಿರಲಿ. ಹತ್ತು ವರುಷ ದಿನದ ಲೆಕ್ಕದಲ್ಲಿಯೇ ಬದುಕಿದ ಜೀವಗಳ ಸಂಕಟವು ಯಾವ ತೀರ್ಪಿನಲ್ಲಿ ಬರೆಯಲ್ಪಡುವದು?

‘ಭಯವಿದ್ದರೇ ಕೆಲಸವು ಚೆನ್ನಾಗಿ ನಡೆಯುವದು’ ಎಂದು ಕೆಲವು ಯಜಮಾನರು ಹೇಳುವದುಂಟು. ಇದು ಭ್ರಮೆಯು. ಭಯಗೊಂಡವನು ಕಾಲ ಕಳೆಯುವನೇ ಹೊರತು ಕೆಲಸದಲ್ಲಿ ಮನಸ್ಸಿಡಲಾರನು, ತಪ್ಪನ್ನು ಮುಚ್ಚುವನು, ಒಂದು ಕಣ್ಣನ್ನು ಬೇರೆ ಬಾಗಿಲಿನ ಮೇಲೆ ಇಟ್ಟಿರುವನು. ತನ್ನನ್ನು ತನ್ನವನೆಂದು ಎಣಿಸದ ಮನೆಯನ್ನು ಅವನು ತನ್ನದೆಂದು ಹೇಗೆ ಎಣಿಸುವನು?

ಗ್ರೀನ್‌ಹಾಲ್ಗ್, ರೋಸೆನ್‌ಬ್ಲಾಟ್ ಎಂಬ ಇಬ್ಬರು ವಿದ್ವಾಂಸರು 1984ರಲ್ಲಿ ಈ ಅಸ್ಥಿರತೆಗೆ ಎರಡು ಅಂಗಗಳನ್ನು ಹೇಳಿದರು: ಒಂದು ಒದಗಲಿರುವ ನಷ್ಟದ ಭಯ, ಇನ್ನೊಂದು ಅದರೆದುರಿಗೆ ತನ್ನ ಕೈಯಲ್ಲಿ ಏನೂ ಇಲ್ಲವೆಂಬ ನಿರುಪಾಯತೆ. ಮೊದಲನೆಯದನ್ನು ನೀಗುವದು ಎಲ್ಲ ಕಾಲದಲ್ಲಿಯೂ ಸಾಧ್ಯವಾಗದು. ಎರಡನೆಯದನ್ನಾದರೂ ಕಡಿಮೆ ಮಾಡಬಹುದು: ಸತ್ಯವನ್ನು ಮುಂಚಿತವಾಗಿ ತಿಳಿಸುವದು, ಕಾರಣವನ್ನು ಹೇಳುವದು, ಅವರ ಮಾತನ್ನೂ ಕೇಳುವದು. ಇದಕ್ಕೆ ಹಣವು ಬೇಡ, ಅಂತಃಕರಣವು ಸಾಕು.

ಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ನಡೆಸುವ ನಾವು ಪರರನ್ನು ದೂರುವ ಮೊದಲು ನಮ್ಮ ಹಾಜರಿ ಪುಸ್ತಕವನ್ನು ತೆರೆದು ನೋಡೋಣ. ವರುಷವರುಷವೂ ಆಜ್ಞಾಪತ್ರದ ದಾರಿ ಕಾಯುವ ಉಪಾಧ್ಯಾಯನಾಗಲಿ ಅಡಿಗೆಯವನಾಗಲಿ ಅದರಲ್ಲಿ ಇದ್ದರೆ, ಅವನಿಗೆ ನೆಲೆಯನ್ನು ಕೊಡುವದೇ ಈ ಮಹೋತ್ಸವದ ನಿಜವಾದ ಸೇವೆಯೆಂದು ಬಿನ್ನವಿಸಿ ವಿರಮಿಸುವೆನು.