ಹಿರಿಯರ ಮರೆವು, ಮನೆಯವರ ಸೇವೆ

(ಹೊನ್ನೆಮರಡಿನ ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ನಿಮ್ಮೂರಿನ ಮುಂದೆ ಹರಡಿರುವ ಈ ಹಿನ್ನೀರು ನೋಡುವವರಿಗೆ ರಮಣೀಯ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ತುಂಬಿನಿಂತಾಗ ಎಷ್ಟೋ ಮನೆ, ಗದ್ದೆ, ತೋಟ, ಗುಡಿಗಳು ಇದರ ತಳ ಸೇರಿದವು. ಅದನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅಂಥ ಒಬ್ಬ ಭಕ್ತರ ವಿಷಯವನ್ನು ಇಂದು ಹೇಳುತ್ತೇವೆ.

ವಯಸ್ಸು ಎಂಬತ್ತರ ಹತ್ತಿರ. ಸಂಜೆಯಾದೊಡನೆ "ಮನೆಗೆ ಹೋಗಬೇಕು, ದನ ಕಟ್ಟಬೇಕು" ಎಂದು ನೀರಿನ ಕಡೆಗೆ ನಡೆಯುತ್ತಿದ್ದರು. ಆ ಮನೆ ಮುಳುಗಿ ಅರ್ಧ ಶತಮಾನ ಕಳೆದಿತ್ತು. ಮಗ ಹೆದರಿ, ಅವರನ್ನು ಕೋಣೆಯಲ್ಲಿ ಕೂಡಿ ಅಗಳಿ ಹಾಕತೊಡಗಿದ. ಸೊಸೆ ಮಠಕ್ಕೆ ಬಂದು, "ಗುರುಗಳೇ, ಮಾವ ನನ್ನನ್ನೇ ಕಳ್ಳಿ ಎನ್ನುತ್ತಾರೆ. ರಾತ್ರಿ ನಿದ್ದೆಯಿಲ್ಲ" ಎಂದು ಕಣ್ಣೀರಿಟ್ಟಳು. ನಾವು "ಅರುವತ್ತಕ್ಕೆ ಅರಳುಮರಳು, ಸೈರಿಸಿಕೋ ತಾಯಿ" ಎಂದು ವಿಭೂತಿ ಕೊಟ್ಟು ಕಳುಹಿಸಿದೆವು. ಅದು ನಮ್ಮ ತಪ್ಪು. ಒಂದು ವರ್ಷ ಆ ಮನೆ ವೃಥಾ ಬೆಂದಿತು.

ಆಮೇಲೆ ವೈದ್ಯರೊಬ್ಬರು ನಮ್ಮ ಕಣ್ಣು ತೆರೆಸಿದರು. ಇದು ಸ್ಮೃತಿಭ್ರಂಶ; ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ಇದು ಮಿದುಳಿನ ರೋಗ. ಪಾಪದ ಫಲವಲ್ಲ, ಗಾಳಿ ಸೋಕಿದ್ದೂ ಅಲ್ಲ. ಅಡಕತ್ತರಿ ಎಲ್ಲಿಟ್ಟೆನೆಂದು ಮರೆಯುವುದು ಮುಪ್ಪಿನ ಸ್ವಭಾವ. ಅಡಕತ್ತರಿ ಏತಕ್ಕೆಂದೇ ತಿಳಿಯದಾಗುವುದು ರೋಗದ ಲಕ್ಷಣ. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳು, ಇವುಗಳಿಂದಲೂ ಮರೆವು ಬರುವುದುಂಟು. ಅದು ಚಿಕಿತ್ಸೆಯಿಂದ ಸುಧಾರಿಸಬಹುದು. ಆದ್ದರಿಂದ ಮೊದಲು ಪರೀಕ್ಷೆಯಾಗಬೇಕು. ಉಳಿದ ಬಗೆಗಳನ್ನು ಪೂರ್ತಿ ಗುಣಪಡಿಸುವ ಮದ್ದು ಇಲ್ಲ. ಅಲ್ಲಿ ಆರೈಕೆಯೇ ದೊಡ್ಡ ಔಷಧ.

ಆರೈಕೆಗೂ ಒಂದು ವಿದ್ಯೆಯಿದೆ. ವೈದ್ಯರು ಮಗನಿಗೆ ಹೇಳಿದರು: "ಆ ಮನೆ ಮುಳುಗಿತು ಎಂದು ವಾದಿಸಬೇಡ. ಪ್ರತಿಸಲವೂ ಅವರಿಗೆ ಅದು ಹೊಸ ಸಾವು." ಅಂದಿನಿಂದ ಮಗ, "ಅಪ್ಪಯ್ಯ, ನಮ್ಮ ದನಗಳ ಹೆಸರೇನು?" ಎಂದು ಕೇಳುತ್ತ, ಕೈಹಿಡಿದು ಅಂಗಳ ಸುತ್ತಿಸಿ ಒಳಗೆ ಕರೆತರುತ್ತಿದ್ದ. ಮುಸ್ಸಂಜೆಗೆ ಮುಂಚೆಯೇ ದೀಪ ಹಚ್ಚಿದರು. ಬಾವಿಗೆ ಮುಚ್ಚಳ ಮಾಡಿಸಿದರು. ಅಂಗಿಯ ಜೇಬಿನಲ್ಲಿ ಹೆಸರು, ಫೋನ್ ನಂಬರು ಬರೆದ ಚೀಟಿ ಇಟ್ಟರು. ಸ್ನಾನ, ಪೂಜೆ, ಊಟ ದಿನವೂ ಒಂದೇ ಹೊತ್ತಿಗೆ ನಡೆದವು. ಮಗನ ಹೆಸರು ಮರೆತಿದ್ದ ಆ ಹಿರಿಯರು, ಅಂಗೈಯಲ್ಲಿ ಇಷ್ಟಲಿಂಗವಿಟ್ಟಾಗ ತಾವಾಗಿಯೇ ವಿಭೂತಿ ಧರಿಸಿ ಪೂಜೆಗೆ ಕೂರುತ್ತಿದ್ದರು. ಬಹುಕಾಲದ ಅಭ್ಯಾಸವನ್ನು ಕೈ ಬೇಗ ಬಿಡುವುದಿಲ್ಲ. ಇನ್ನೊಂದು ಮಾತು: ಗಲಿಬಿಲಿ ಒಮ್ಮೆಲೇ ಹೆಚ್ಚಾದರೆ ಮೂತ್ರದ ಸೋಂಕೋ ಬೇರೆ ಕಾಯಿಲೆಯೋ ಇರಬಹುದು, ತಡಮಾಡದೆ ವೈದ್ಯರಿಗೆ ತೋರಿಸಿರಿ.

ಸೇವೆ ಮಾಡುವವರ ಮಾತನ್ನೂ ಆಡಬೇಕು. ದಾಸೋಹವೆಂದರೆ ಮನೆಯ ಒಬ್ಬ ಹೆಣ್ಣುಮಗಳು ಸವೆದು ಹೋಗುವುದಲ್ಲ. ಪಟ್ಟಣದಲ್ಲಿರುವ ಮಕ್ಕಳು ಹಣ ಕಳುಹಿಸಿದರೆ ಸಾಲದು. ಸರದಿಯಂತೆ ಬಂದು ನಾಲ್ಕು ರಾತ್ರಿ ಎಚ್ಚರವಿದ್ದು, ಆಕೆಗೆ ನಿದ್ದೆ ಕೊಡಬೇಕು. ತಜ್ಞರನ್ನು ಕೇಳಲು ನಾಚಿಕೆ ಬೇಡ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಮಿದುಳಿನ ಆರೋಗ್ಯದ ಕಾರ್ಯಕ್ರಮವನ್ನು ಆರಂಭಿಸಿದವು. ಅದೇ ವರ್ಷ ಆರಂಭವಾದ ಟೆಲಿ ಮಾನಸ್ ಸೇವೆಯ 14416 ನಂಬರಿಗೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು. ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.

ಆ ಹಿರಿಯರು ಈಗ ಲಿಂಗೈಕ್ಯರು. ಕೊನೆಯ ಎರಡು ವರ್ಷ ಅವರ ಕೋಣೆಗೆ ಅಗಳಿ ಬೀಳಲಿಲ್ಲ. ಅವರ ಅರಿವು ಮಸುಕಾಗಿತ್ತು. ಮನೆಯವರ ಅರಿವು ಬೆಳಗಿತು. ನಿಮ್ಮ ಮನೆಯಲ್ಲಿ ಅಂಥ ಕೋಣೆಯಿದ್ದರೆ, ಇಂದೇ ಹೋಗಿ ಬಾಗಿಲು ತೆಗೆಯಿರಿ. ನಾಳೆ ವೈದ್ಯರಲ್ಲಿಗೆ ಹೋಗಿರಿ. ಮಠ ನಿಮ್ಮ ಜೊತೆಗಿದೆ.

ಎಲ್ಲರಿಗೂ ಸನ್ಮಂಗಳವಾಗಲಿ.